ಸ್ಪಷ್ಟನೆ: 1834ರ ಬಾಸೆಲ್ ತಂಡದಲ್ಲಿ ಕಿಟೆಲ್ ಇರಲಿಲ್ಲ

“1834ರಲ್ಲಿ ಕಿಟೆಲ್ ನೇತೃತ್ವದ ಬಾಸೆಲ್ ಮಿಶನ್ ತಂಡ ಮಂಗಳೂರಿಗೆ ಬಂದು ಶಾಲೆ ತೆರೆಯಿತು, ‘ಮಂಗಳೂರ ಸಮಾಚಾರ’ ಹೊರಡಿಸಿತು” ಎಂಬ ಸಂದೇಶ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಬಾಸೆಲ್ ಮಿಶನ್ ಎಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ. ತಂಡ ಬಂದ ಇಸವಿ ಸರಿ, ಊರು ಸರಿ, ಆಳು ತಪ್ಪು. ಕಿಟೆಲ್ ಹುಟ್ಟಿದ್ದೇ 1832ರಲ್ಲಿ. ಎರಡು ವರ್ಷದ ಕೂಸು ತಂಡ ಕಟ್ಟಿಕೊಂಡು ಹಡಗು ಹತ್ತೀತೇ?

ಆಗ ಬಂದವರು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು. ಶಾಲೆಗಳು 1830ರ ದಶಕದಲ್ಲೇ ಶುರುವಾದವು. ಪತ್ರಿಕೆ ಹೊರಟಿದ್ದು 1843ರ ಜುಲೈ 1ರಂದು, ಹರ್ಮನ್ ಮೊಗ್ಲಿಂಗ್ ಸಂಪಾದಕತ್ವದಲ್ಲಿ. ಅದು ಕಲ್ಲಚ್ಚಿನ ಪತ್ರಿಕೆ: ಅಚ್ಚುಮೊಳೆ ಜೋಡಿಸುವ ಮಾತಿಲ್ಲ, ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಹಾಳೆ ಒತ್ತುತ್ತಿದ್ದರು. ಕಿಟೆಲ್ ಭಾರತಕ್ಕೆ ಬಂದಿದ್ದು 1853ರಲ್ಲಿ. ಅವರ ಹೆಸರು ಉಳಿಸಿದ ನಿಘಂಟು ಅಚ್ಚಾಗಿದ್ದು 1894ರಲ್ಲಿ.