ಐದು ಅಕ್ಷರ, ಎರಡು ಸರ್ಕಾರ

ರಾಜ್ಯ ರಾಜ್ಯಗಳು ಜಗಳವಾಡಬೇಕಾದರೆ ನದಿಯೋ ಗಡಿಯೋ ಬೇಕು ಅಂದುಕೊಂಡಿದ್ದೆವು. ಕರ್ನಾಟಕ, ಕೇರಳಕ್ಕೆ ಇಂಗ್ಲಿಷಿನ ಐದು ಅಕ್ಷರ ಸಾಕಾಯಿತು: ಕೆಎಸ್‌ಆರ್‌ಟಿಸಿ.

ಕೇರಳದವರು 1965ರಿಂದಲೇ ಈ ಹೆಸರಲ್ಲಿ ಬಸ್ ಓಡಿಸುತ್ತಿದ್ದರು. ಆಗ ನಮ್ಮದಿನ್ನೂ ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕವಾದೆವು, ನಿಗಮದ ಹೆಸರಲ್ಲಿದ್ದ ‘ಎಂ’ ಹೋಗಿ ‘ಕೆ’ ಬಂತು. ಮುಂದಿನ ನಲವತ್ತು ವರ್ಷ ಎರಡೂ ಬಸ್ಸುಗಳು ಒಂದೇ ಘಾಟಿಯಲ್ಲಿ ಒಂದಕ್ಕೊಂದು ಸೈಡ್ ಕೊಟ್ಟುಕೊಂಡೇ ಓಡಾಡಿದವು. 2013ರಲ್ಲಿ ನಮ್ಮವರು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಮರುವರ್ಷ ಕೇರಳಕ್ಕೆ ನೋಟಿಸ್ ಹೋಯಿತು, ಈ ಹೆಸರು ಬಳಸಬೇಡಿ ಅಂತ.

ಕೇರಳ ಸುಮ್ನಿರುತ್ತದೆಯೇ? ಚೆನ್ನೈನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಯಿತು. ನಿಜವಾದ ಮಜಾ ಇರುವುದು ಇಲ್ಲೇ. ವ್ಯಾಜ್ಯ ಮುಗಿಯುವ ಮೊದಲೇ, 2021ರ ಏಪ್ರಿಲ್‌ನಲ್ಲಿ, ಕೇಂದ್ರ ಸರ್ಕಾರ ಆ ಮಂಡಳಿಯನ್ನೇ ಮುಚ್ಚಿತು. ಜೂನ್‌ನಲ್ಲಿ ಕೇರಳ ‘ಹೆಸರು ನಮ್ಮದಾಯಿತು’ ಎಂದು ಸಂಭ್ರಮಿಸಿತು. ಬೆಂಗಳೂರಿನಿಂದ ಉತ್ತರ: ಅಂಥ ಅಂತಿಮ ಆದೇಶ ಬಂದೇ ಇಲ್ಲ, ಮೇಲ್ಮನವಿ ಕೇಳಬೇಕಿದ್ದ ಮಂಡಳಿಯೇ ಈಗ ಇಲ್ಲ! ವಾದಿ ಇದ್ದಾರೆ, ಪ್ರತಿವಾದಿ ಇದ್ದಾರೆ, ನ್ಯಾಯ ಹೇಳುವವರ ಕುರ್ಚಿಯೇ ಎತ್ತಂಗಡಿ. ಕೊನೆಗೆ ಕೇಸು ಮದ್ರಾಸ್ ಹೈಕೋರ್ಟಿಗೆ ಹೋಗಿ, 2023ರ ಡಿಸೆಂಬರ್‌ನಲ್ಲಿ ಕೇರಳದ ಅರ್ಜಿ ವಜಾ ಆಯಿತು. ನಮ್ಮವರು ಹೆಸರು ಉಳಿಸಿಕೊಂಡರು. ವಕೀಲರ ಫೀಸು? ಎರಡೂ ಕಡೆ ನಮ್ಮ ನಿಮ್ಮ ದುಡ್ಡೇ, ಅಲ್ವಾ.

ಟ್ರೇಡ್‌ಮಾರ್ಕ್ ಕಾನೂನು ಇರುವುದೇ ಗಿರಾಕಿ ಮೋಸಹೋಗಬಾರದು ಅಂತ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಕೋಯಿಕ್ಕೋಡಿಗೆ ಹೊರಟ ಗಿರಾಕಿಯನ್ನು ಕೇಳಿ ನೋಡಿ. ಒಂದರ ಮೇಲೆ ಗಂಡಭೇರುಂಡ, ಇನ್ನೊಂದರ ಮೇಲೆ ಜೋಡಿ ಆನೆ. ಮಲಯಾಳಿಗಳು ತಮ್ಮ ಬಸ್ಸನ್ನು ಕರೆಯುವುದೇ ‘ಆನವಂಡಿ’ ಅಂತ. ಹಕ್ಕಿ ಯಾವುದು, ಆನೆ ಯಾವುದು ಅಂತ ಅವನಿಗೆ ಚೆನ್ನಾಗಿ ಗೊತ್ತು. ಅವನು ಕೇಳುವುದು ಎರಡೇ: ಕಿಟಕಿ ಸೀಟು ಇದೆಯಾ, ಊಟಕ್ಕೆ ಎಲ್ಲಿ ನಿಲ್ಲಿಸ್ತೀರಾ. ಈ ಎರಡು ಪ್ರಶ್ನೆಗೆ ಯಾವ ಟ್ರೇಡ್‌ಮಾರ್ಕ್ ಪ್ರಮಾಣಪತ್ರದಲ್ಲೂ ಉತ್ತರವಿಲ್ಲ. ಅವನನ್ನು ಯಾರೂ ಕಕ್ಷಿದಾರನನ್ನಾಗಿ ಮಾಡಲೂ ಇಲ್ಲ.

ಅಂದಹಾಗೆ, ಕಲಬುರಗಿಯ ನಮ್ಮ ಇನ್ನೊಂದು ನಿಗಮದ ಹೆಸರು ಈಗ ಕೆಕೆಆರ್‌ಟಿಸಿ. ಮೊದಲ ಮೂರು ಅಕ್ಷರ ಶಾರುಖ್ ಖಾನ್ ಅವರ ಕ್ರಿಕೆಟ್ ತಂಡದ್ದು. ಅಲ್ಲಿನ ಅಧಿಕಾರಿಗಳು ಈಗಲೇ ಒಬ್ಬ ಒಳ್ಳೆ ವಕೀಲರನ್ನು ನೋಡಿಟ್ಟುಕೊಳ್ಳಲಿ. ಕೋಲ್ಕತ್ತಕ್ಕೆ ಬಸ್ ಬಿಡುವ ಯೋಚನೆಯನ್ನಂತೂ ಮಾಡದಿರಲಿ.