ಊಟದ ಹೊತ್ತಿಗೆ ಬಾಗಿಲು ಹಾಕುವ ನಮ್ಮವರು

ಫಿಜಿಯ ಕಂದಾವು ದ್ವೀಪದ ಹಳ್ಳಿಯೊಂದರಲ್ಲಿ ಮಧ್ಯಾಹ್ನ ನಡೆದು ಹೋಗುತ್ತಿದ್ದೆ. ಒಂದು ಮನೆಯೊಳಗಿಂದ ‘ಮೈ ಕನ’ ಅಂತ ಕೂಗಿದರು. ಬನ್ನಿ, ಊಟ ಮಾಡಿ ಅಂತ. ಮುಂದಿನ ಮನೆಯಿಂದಲೂ ಅದೇ ಕೂಗು. ಅಲ್ಲಿ ಊಟಕ್ಕೆ ಕೂತವರು ಬಾಗಿಲು ತೆರೆದೇ ಇಡುತ್ತಾರೆ, ದಾರಿಯಲ್ಲಿ ಯಾರು ಹೋದರೂ ಕರೆಯುತ್ತಾರೆ. ನನ್ನ ಹೆಸರು ಕೂಡ ಅವರಿಗೆ ಗೊತ್ತಿರಲಿಲ್ಲ.

ನಾನು ಫಿಜಿಯ ರಾಜಧಾನಿ ಸುವಾದಲ್ಲಿ ಕೆಲಸದಲ್ಲಿದ್ದೇನೆ. ಕಳೆದ ಸಲ ರಜೆಗೆ ಬಂದಾಗ ಬೆಂಗಳೂರಿನಲ್ಲಿ ಹತ್ತಿರದ ನೆಂಟರ ಮನೆಗೆ ಹೋಗಿದ್ದೆ. ಗೇಟಿನಲ್ಲಿ ಸೆಕ್ಯೂರಿಟಿಯವನು ತಡೆದ, ಆ್ಯಪಿನಲ್ಲಿ ಒಪ್ಪಿಗೆ ಬರಬೇಕು ಅಂದ. ಸರಿ, ಕಾದೆ. ಒಳಗೆ ಹೋದ ಕೂಡಲೇ ಕೇಳಿದ ಮಾತು, ‘ಒಂದು ಫೋನ್ ಮಾಡಿ ಬರೋದಲ್ವಾ?’ ಅಡುಗೆ ಮನೆಯಿಂದ ಒಗ್ಗರಣೆ ಘಮ ಬರುತ್ತಿತ್ತು, ನನಗೆ ಸಿಕ್ಕಿದ್ದು ಕಾಫಿ, ಬಿಸ್ಕೆಟ್. ನನಗದು ಇವತ್ತಿಗೂ ಚುಚ್ಚುತ್ತದೆ.

ಹಾಗಂತ ಕಂದಾವುವಿನಲ್ಲಿ ಸುಮ್ನೆ ಊರೊಳಗೆ ನುಗ್ಗೋ ಹಾಗಿಲ್ಲ. ಅಲ್ಲಿಯೂ ಒಪ್ಪಿಗೆ ಬೇಕು. ಸುವಾದ ಮಾರ್ಕೆಟ್ಟಿನಲ್ಲಿ ಯಂಗೋನ ಅನ್ನುವ ಗಿಡದ ಬೇರಿನ ಕಟ್ಟು ಕೊಂಡು ಹೋಗಬೇಕು, ಟೋಪಿ ತೆಗೆದು, ಮೊಣಕಾಲು ಮುಚ್ಚುವ ಹಾಗೆ ಪಂಚೆಯಂಥ ಸುಲು ಉಟ್ಟು ಊರಿನ ಹಿರಿಯರ ಮುಂದೆ ಚಾಪೆಯ ಮೇಲೆ ಕೂತು ಅದನ್ನು ಒಪ್ಪಿಸಬೇಕು. ಇದನ್ನು ಸೆವುಸೆವು ಅನ್ನುತ್ತಾರೆ. ಬೇರನ್ನು ಪುಡಿ ಮಾಡಿ ನೀರಲ್ಲಿ ಕಲಸಿ, ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಒಂದು ಸಲ ಚಪ್ಪಾಳೆ ತಟ್ಟಿ, ‘ಬುಲಾ’ ಅಂದು, ಒಂದೇ ಗುಟುಕಿಗೆ ಕುಡಿದು, ಮತ್ತೆ ಮೂರು ಸಲ ತಟ್ಟಬೇಕು. ಕೆಸರು ನೀರಿನ ರುಚಿ, ನಾಲಿಗೆ ಜೋಮು ಹಿಡಿಯುತ್ತದೆ. ಆದರೆ ಅದಾದ ಮೇಲೆ ನೀವು ಒಂದು ಮನೆಯ ಅತಿಥಿ ಅಲ್ಲ, ಇಡೀ ಊರಿನ ಅತಿಥಿ. ಯಾರ ಪೈಕಿ, ಸಂಬಳ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ಊಟಕ್ಕೆ ಮರಗೆಣಸು, ಮೀನು, ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನ ಸೊಪ್ಪು. ನಮ್ಮ ಪತ್ರೊಡೆಯ ಅದೇ ಎಲೆ! ಕಣ್ಣು ತುಂಬಿ ಬಂತು.

ನಮ್ಮ ಅಜ್ಜಿ ಕೂಡ ಹೀಗೇ ಜಗಲಿಯಿಂದ ಕರೆಯುತ್ತಿದ್ದರು, ಬೆಲ್ಲ ನೀರು ಕೊಡದೆ ಯಾರನ್ನೂ ಕಳಿಸುತ್ತಿರಲಿಲ್ಲ. ಒಂದೇ ತಲೆಮಾರಿನಲ್ಲಿ ಅದು ಎಲ್ಲಿ ಹೋಯಿತು?

ಫಿಜಿಯಲ್ಲೂ ಎಲ್ಲ ಸರಿಯಿದೆ ಅಂತ ಹೇಳಲಾರೆ. 1879ರಿಂದ 1916ರವರೆಗೆ ಗಿರಮಿಟ್ ಅನ್ನುವ ಕರಾರಿನ ಮೇಲೆ ಕೂಲಿಗಳಾಗಿ ಬಂದ ಭಾರತೀಯರ ಮಕ್ಕಳು ಮೊಮ್ಮಕ್ಕಳು ಎಷ್ಟೋ ಮಂದಿ ಇವತ್ತಿಗೂ ಗುತ್ತಿಗೆ ನೆಲದಲ್ಲೇ ಕಬ್ಬು ಬೆಳೆಯುತ್ತಾರೆ. 1987 ಮತ್ತು 2000ದ ಕ್ಷಿಪ್ರಕ್ರಾಂತಿಗಳ ನಂತರ ಅವರಲ್ಲಿ ಸಾವಿರಾರು ಮಂದಿ ದೇಶವನ್ನೇ ಬಿಟ್ಟರು. ಎರಡು ದಿನಕ್ಕೆ ಬಂದ ನನ್ನಂಥವನನ್ನು ಕರೆಯುವುದು ಸುಲಭ, ಅದೂ ನಿಜ. ಬೆಂಗಳೂರಿನ ನೆಂಟರದ್ದೂ ಕಷ್ಟವೇ ಬಿಡಿ. ಗಂಡ ಹೆಂಡತಿ ಇಬ್ಬರೂ ದುಡಿಯಬೇಕು, ಟ್ರಾಫಿಕ್ಕಿನಲ್ಲಿ ಸುಸ್ತಾಗಿ ಬಂದಿರುತ್ತಾರೆ. ಆದರೂ ಮಾಡಿದ ಸಾರು ಒಲೆ ಮೇಲಿತ್ತು. ಇನ್ನೊಂದು ಹಿಡಿ ಅಕ್ಕಿ ಜಾಸ್ತಿ ಇಡೋಕೆ ಎಷ್ಟು ಹೊತ್ತು ಬೇಕು?