ಮುಖ ಬಿಡಿ, ಕುರ್ಚಿ ಹಿಡಿಯಿರಿ

ಆಫೀಸಿನ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಎಐ ತಮಾಷೆ ಚಿತ್ರಗಳದ್ದೇ ಕಾರುಬಾರು. ಮ್ಯಾನೇಜರ್ ತಲೆಗೆ ಮೈಸೂರು ಪೇಟ, ಟೀಮ್ ಲೀಡ್ ತಲೆ ಬೋಳು, ಎಚ್‌ಆರ್ ಮೇಡಂ ಕುದುರೆ ಮೇಲೆ. ಮೊದಲನೇ ಸಲ ಎಲ್ಲರೂ ನಗುತ್ತಾರೆ. ಮೂರನೇ ಸಲಕ್ಕೆ ಗ್ರೂಪ್ ಮ್ಯೂಟ್ ಆಗಿರುತ್ತದೆ. ನನ್ನ ಪ್ರಕಾರ ಆಫೀಸ್ ತಮಾಷೆಗೆ ಮನುಷ್ಯರ ಮುಖ ಬೇಕಾಗಿಯೇ ಇಲ್ಲ. ಖಾಲಿ ಕುರ್ಚಿ, ಕಾಫಿ ಮಷಿನ್, ಕೆಟ್ಟು ನಿಂತ ಪ್ರಿಂಟರ್, ಮೀಟಿಂಗ್ ರೂಮು, ಇಷ್ಟು ಸಾಕು. ಇದನ್ನು ಬರೀ ಸಭ್ಯತೆಗಾಗಿ ಹೇಳುತ್ತಿಲ್ಲ. ಎಐ ಎಡವುವುದೂ ಮುಖದಲ್ಲೇ, ನೋಡುವವರು ತಪ್ಪು ಹಿಡಿಯುವುದೂ ಮುಖದಲ್ಲೇ. ದಿನಾ ಎದುರು ಕೂತು ಊಟ ಮಾಡುವವರ ಮೂಗು ಕೂದಲೆಳೆಯಷ್ಟು ಬದಲಾದರೂ ಗೊತ್ತಾಗಿಬಿಡುತ್ತದೆ. ಅದೇ ಕುರ್ಚಿಯ ಕಾಲು ಬದಲಾದರೆ ಯಾರು ನೋಡಬೇಕು?

ಚಾಟ್‌ಜಿಪಿಟಿ, ಜೆಮಿನಿ ಥರದವು ಮಾತಿನಲ್ಲಿ ಹೇಳಿದ್ದನ್ನು ಕೇಳಿಕೊಂಡು ಇಡೀ ಚಿತ್ರವನ್ನೇ ಹೊಸದಾಗಿ ಬರೆದು ಕೊಡುತ್ತವೆ. 2025ರ ಮಾರ್ಚಿನಲ್ಲಿ ಚಾಟ್‌ಜಿಪಿಟಿಗೂ ಆಗಸ್ಟಿನಲ್ಲಿ ‘ನ್ಯಾನೋ ಬನಾನಾ’ ಹೆಸರಿನಲ್ಲಿ ಜೆಮಿನಿಗೂ ಈ ಸೌಲಭ್ಯ ಬಂದ ಮೇಲೆಯೇ ಗ್ರೂಪುಗಳಲ್ಲಿ ಈ ಸುಗ್ಗಿ ಶುರುವಾದದ್ದು. ಫೋಟೋಶಾಪಿನ ಜನರೇಟಿವ್ ಫಿಲ್ ಅದಕ್ಕೂ ಹಿಂದಿನದು, 2023ರ ಮೇ ತಿಂಗಳಿನದು. ಅದರ ಕೆಲಸದ ರೀತಿಯೇ ಬೇರೆ: ನೀವು ಸೆಲೆಕ್ಟ್ ಮಾಡಿದ ಜಾಗವನ್ನಷ್ಟೇ ತುಂಬುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಮೊದಲನೆಯ ಬಗೆಯಲ್ಲಿ ‘ಮೇಜಿನ ಮೇಲೆ ಒಂದು ಬಾಳೆಗೊನೆ ಇಡು’ ಅಂದರೆ ಬಾಳೆಗೊನೆಯೇನೋ ಬರುತ್ತದೆ, ಜೊತೆಗೆ ಕೀಬೋರ್ಡಿನ ಅಕ್ಷರ ಕಲಸುಮೇಲೋಗರ, ಹಿಂದೆ ಕೂತವರ ಕಣ್ಣು ಬೇರೆ, ಗೋಡೆ ಗಡಿಯಾರದ ಮುಳ್ಳು ಬೇರೆ. ಜನ ಬಾಳೆಗೊನೆ ನೋಡಿ ನಗುವ ಮೊದಲೇ ‘ಇದು ಎಐ’ ಎಂದು ಮುಖ ತಿರುಗಿಸುವುದು ಇದರಿಂದಲೇ.

ಇದಕ್ಕೆ ಮದ್ದು ಸುಲಭ. ಎಐ ಕೊಟ್ಟ ಚಿತ್ರವನ್ನು ಹಾಗೇ ಕಳಿಸಬೇಡಿ. ಫೋಟೋಶಾಪಿನಲ್ಲೋ ಅದರಂಥದೇ ಉಚಿತ ತಂತ್ರಾಂಶ ಜಿಂಪಿನಲ್ಲೋ, ಲೇಯರ್ ಎಂಬ ಪದರಗಳಲ್ಲಿ, ಕೆಳಗಿನ ಲೇಯರ್‌ನಲ್ಲಿ ಮೂಲ ಫೋಟೋ, ಮೇಲಿನ ಲೇಯರ್‌ನಲ್ಲಿ ಎಐ ಚಿತ್ರ ಇಡಿ. ಎರಡರ ಅಳತೆ ಒಂದೇ ಮಾಡಿ. ಮೇಲಿನ ಲೇಯರ್‌ನ ಬ್ಲೆಂಡ್ ಮೋಡನ್ನು (ಪದರಗಳು ಬೆರೆಯುವ ರೀತಿಯನ್ನು) ತಾತ್ಕಾಲಿಕವಾಗಿ ‘ಡಿಫರೆನ್ಸ್’ಗೆ ಬದಲಿಸಿದರೆ ಎರಡೂ ಸರಿಯಾಗಿ ಕೂತ ಕಡೆ ಕಪ್ಪು ಕಾಣುತ್ತದೆ, ಜಾರಿದ ಕಡೆ ಬಿಳಿ ಗೆರೆ ಏಳುತ್ತದೆ. ಗೆರೆ ಆದಷ್ಟು ತೆಳುವಾಗುವವರೆಗೆ ಜರುಗಿಸಿ, ಮೋಡನ್ನು ಮತ್ತೆ ‘ನಾರ್ಮಲ್’ ಮಾಡಿ, ಆ ಲೇಯರ್‌ಗೆ ಕಪ್ಪು ಮಾಸ್ಕ್ (ಅದನ್ನು ಮರೆಮಾಡುವ ಪರದೆ) ಹಾಕಿ. ಬಿಳಿ ಬ್ರಶ್‌ನಿಂದ ಬಾಳೆಗೊನೆಯನ್ನೂ ಅದರ ನೆರಳನ್ನೂ ಮಾತ್ರ ಹೊರಗೆ ತನ್ನಿ. ಆಗ ಚಿತ್ರದ ಬಹುಪಾಲು ನಿಜವಾದ ಫೋಟೋವೇ ಆಗಿ ಉಳಿಯುತ್ತದೆ, ಸುಳ್ಳು ಇರುವುದು ಬಾಳೆಗೊನೆಯಲ್ಲಿ ಮಾತ್ರ. ಹತ್ತು ನಿಮಿಷದ ಕೆಲಸ. ಸಾಮಾನ್ಯ ಚಿತ್ರಕ್ಕೂ ‘ಅಯ್ಯೋ, ಇದು ಯಾವಾಗ ತಂದಿಟ್ಟರು?’ ಅನ್ನಿಸುವ ಚಿತ್ರಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಇನ್ನೊಂದು ಚಟವನ್ನೂ ಬಿಡಬೇಕು. ಮೊದಲ ಫಲಿತಾಂಶ ಸರಿ ಬರಲಿಲ್ಲ ಅಂತ ಅದರ ಮೇಲೇ ‘ಸ್ವಲ್ಪ ದೊಡ್ಡದು ಮಾಡು’, ‘ಬಲಕ್ಕೆ ಸರಿಸು’ ಎಂದು ಐದಾರು ಸಲ ಹೇಳಿಸುವುದು. ಪ್ರತಿ ಸುತ್ತಿನಲ್ಲೂ ಚಿತ್ರ ಪೂರ್ತಿ ಮತ್ತೆ ಬರೆಸಿಕೊಳ್ಳುತ್ತದೆ. ಬಣ್ಣ ಗಾಢವಾಗುತ್ತಾ, ಗೋಡೆ ಮೇಣ ಬಳಿದಂತಾಗುತ್ತಾ ಹೋಗುತ್ತದೆ. ಸರಿ ಬರದಿದ್ದರೆ ಮೂಲ ಫೋಟೋಗೇ ವಾಪಸ್ ಹೋಗಿ, ಬೇಕಾದ್ದನ್ನೆಲ್ಲ ಒಂದೇ ಪ್ರಾಂಪ್ಟಿನಲ್ಲಿ (ಎಐಗೆ ಕೊಡುವ ಸೂಚನೆಯಲ್ಲಿ) ಹೇಳಿ.

ಫೋಟೋ ತೆಗೆಯುವ ಹಂತದಲ್ಲೇ ಅರ್ಧ ಕೆಲಸ ಮುಗಿಯಬೇಕು. ಫೋನಿನ 1x ಲೆನ್ಸೇ ಇರಲಿ. 0.5x ವೈಡ್‌ನಲ್ಲಿ ಅಂಚಿನ ಮೇಜು, ಬಾಗಿಲು ಎಳೆದಂತಾಗುತ್ತವೆ, ಎಐ ಅಲ್ಲಿ ತಂದಿಡುವ ವಸ್ತು ಮಾತ್ರ ನೆಟ್ಟಗೆ ನಿಲ್ಲುತ್ತದೆ, ಎರಡಕ್ಕೂ ತಾಳೆ ಬೀಳುವುದಿಲ್ಲ. ನಿಂತವರ ಕಣ್ಣಿನ ಎತ್ತರದಿಂದ ತೆಗೆಯಿರಿ, ಏಕೆಂದರೆ ಆಫೀಸಿನಲ್ಲಿ ಎಲ್ಲರೂ ಆ ಜಾಗವನ್ನು ನೋಡಿರುವುದು ಅಲ್ಲಿಂದಲೇ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ವಸ್ತು ಕೂರಬೇಕಾದ ಜಾಗ ಖಾಲಿ ಇರಲಿ, ಅದರ ಸುತ್ತ ಒಂದೆರಡು ಗೇಣು ಜಾಗ ಹೆಚ್ಚೇ ಇರಲಿ, ನೆರಳಿಗೆ ಬೇಕು. ಗಾಜಿನ ಪಾರ್ಟಿಷನ್ ಮತ್ತು ಹೊಳೆಯುವ ಟೈಲ್ಸ್ ಇರುವ ಮೂಲೆಯಿಂದ ದೂರವಿರಿ. ವಸ್ತುವನ್ನು ಇಡುವ ಎಐ ಗಾಜಿನಲ್ಲಿ ಅದರ ಪ್ರತಿಬಿಂಬ ಹಾಕುವುದನ್ನು ಮರೆಯುತ್ತದೆ, ಹಾಕಿದರೂ ಕೋನ ತಪ್ಪಿರುತ್ತದೆ.

ಈಗ ಒಂದು ನಿಜವಾದ ಐಡಿಯಾ ತೆಗೆದುಕೊಳ್ಳೋಣ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮಗೆಲ್ಲ ಗೊತ್ತಿರುವ ವಿದ್ಯೆ. ಮೀಟಿಂಗ್ ರೂಮಿನ ಕುರ್ಚಿಗಳಿಗೆ ಟವೆಲ್ ಹಾಕಿ ‘ಹನ್ನೊಂದರ ಮೀಟಿಂಗಿಗೆ ಸೀಟು ಹಿಡಿದಾಗಿದೆ’ ಎಂದು ಗ್ರೂಪಿಗೆ ಕಳಿಸಿದರೆ ಯಾರ ಮನಸ್ಸಿಗೂ ನೋವಿಲ್ಲ, ರೂಮು ಬುಕ್ ಮಾಡದೆ ಬಂದು ಕೂರುವವರಿಗೆ ಮುಟ್ಟಬೇಕಾದ್ದು ಮುಟ್ಟುತ್ತದೆ.

ಬರೀ ‘ಟವೆಲ್’ ಅಂದರೆ ಎಐ ಕೊಡುವುದು ಸ್ಟಾರ್ ಹೋಟೆಲಿನ ದಪ್ಪ ಟರ್ಕಿ ಟವೆಲ್. ಅಲ್ಲಿಗೆ ತಮಾಷೆಯ ಕತ್ತು ಹಿಸುಕಿದ ಹಾಗೆ. ಆದ್ದರಿಂದ ಮನೆಯಲ್ಲಿರುವ ತೆಳು ಹತ್ತಿ ಟವೆಲ್ಲನ್ನು ಒಂದು ಕುರ್ಚಿ ಮೇಲೆ ಎಸೆದು ಫೋಟೋ ತೆಗೆದು, ಅದನ್ನು ಎರಡನೇ ಚಿತ್ರವಾಗಿ ಜೊತೆಗೆ ಹಾಕಿ. ಪ್ರಾಂಪ್ಟ್ ಹೀಗಿರಬಹುದು: ‘ಮೊದಲ ಫೋಟೋದಲ್ಲಿ ಎಡಗಡೆಯ ಕಪ್ಪು ಕುರ್ಚಿಯ ಸೀಟಿನ ಮೇಲೆ, ಎರಡನೇ ಫೋಟೋದಲ್ಲಿರುವ ಟವೆಲ್ಲನ್ನು ದೂರದಿಂದ ಎಸೆದಂತೆ ಅಡ್ಡಾದಿಡ್ಡಿ ಹಾಕು. ಬೆಳಕು ಚಾವಣಿಯಿಂದ ಬರುತ್ತಿದೆ, ನೆರಳು ಮೆತ್ತಗಿರಲಿ. ಕುರ್ಚಿ, ಮೇಜು, ಗೋಡೆ, ಟಿವಿ ಯಾವುದನ್ನೂ ಬದಲಿಸಬೇಡ. ಕ್ಯಾಮೆರಾ ಕೋನ ಮತ್ತು ಫ್ರೇಮ್ ಹಾಗೇ ಇರಲಿ.’ ಕನ್ನಡದಲ್ಲೇ ಹೇಳಿದರೂ ಅರ್ಥವಾಗುತ್ತದೆ, ನಮ್ಮ ವಸ್ತುಗಳ ಹೆಸರಿನಲ್ಲಿ ಮಾತ್ರ ಎಡವಟ್ಟಾಗುತ್ತದೆ. ಅಲ್ಲಿಗೆ ಎರಡನೇ ಫೋಟೋವೇ ಗತಿ. ಆರು ಕುರ್ಚಿಗೆ ಆರು ಟವೆಲ್ಲನ್ನು ಒಟ್ಟಿಗೆ ಕೇಳಬೇಡಿ. ಎಣಿಕೆ ತಪ್ಪುತ್ತದೆ, ಎಲ್ಲದರ ಮಡಿಕೆಯೂ ಒಂದೇ ಥರ ಬರುತ್ತದೆ. ಪ್ರತಿ ಸಲವೂ ಮೂಲ ಫೋಟೋದಿಂದ ಶುರುಮಾಡಿ ಒಂದೊಂದೇ ಕುರ್ಚಿ ಮಾಡಿಸಿ, ಆಮೇಲೆ ಲೇಯರ್‌ಗಳಲ್ಲಿ ಸೇರಿಸಿ. ಒಂದು ಕುರ್ಚಿಗೆ ಟವೆಲ್ ಬದಲು ಊಟದ ಬ್ಯಾಗ್ ಇಟ್ಟರೆ ಇನ್ನೂ ಚೆನ್ನ.

ಹಸು, ಆಟೋ ಇವು ಎಲ್ಲರಿಗೂ ಹೊಳೆಯುವ ಐಡಿಯಾಗಳು. ಹೊಳೆಯಲಿ, ಅಳತೆ ಮಾತ್ರ ಸರಿ ಇರಲಿ. ‘ಹಸು’ ಅಂದರೆ ಕಪ್ಪು ಬಿಳಿ ಮಚ್ಚೆಯ ಹೋಲ್‌ಸ್ಟೀನ್ ಬರುವ ಸಾಧ್ಯತೆಯೇ ಹೆಚ್ಚು. ಕ್ಯುಬಿಕಲ್ ನಡುವೆ ಹಸು ನಿಲ್ಲಿಸಬೇಕೆಂದರೆ ಗಿಡ್ಡ ತಳಿಯೇ ಒಪ್ಪುವುದು. ಆಫೀಸ್ ಮೇಜು ಸುಮಾರು 75 ಸೆಂ.ಮೀ. ಎತ್ತರ, ಮಲೆನಾಡು ಗಿಡ್ಡದ ಬೆನ್ನು ಅದಕ್ಕಿಂತ ಸ್ವಲ್ಪವೇ ಮೇಲೆ, ಹಳ್ಳಿಕಾರ್ ಆದರೆ ಬಹಳ ಮೇಲೆ. ‘ಬೆನ್ನು ಮೇಜಿಗಿಂತ ಒಂದು ಗೇಣು ಎತ್ತರ’ ಎಂದು ಪಕ್ಕದ ವಸ್ತುವಿಗೆ ಹೋಲಿಸಿ ಹೇಳಿದರೆ ಎಐ ಹೆಚ್ಚು ಚೆನ್ನಾಗಿ ಪಾಲಿಸುತ್ತದೆ, ಸೆಂಟಿಮೀಟರ್ ಅದಕ್ಕೆ ತಲೆಗೆ ಹೋಗುವುದಿಲ್ಲ. ಆಟೋದ ಅಗಲ ಸುಮಾರು 1.3 ಮೀಟರ್, ಕ್ಯಾಬಿನ್ ಬಾಗಿಲು ಸುಮಾರು 90 ಸೆಂ.ಮೀ. ಆದ್ದರಿಂದ ಬಾಸ್ ಕ್ಯಾಬಿನ್ನಿನೊಳಗೆ ಆಟೋ ನಿಲ್ಲಿಸಿ, ಪಕ್ಕದ ಬಾಗಿಲು ಕಾಣುವ ಹಾಗೆ ಫ್ರೇಮ್ ಇಡಿ. ಒಳಗೆ ಹೇಗೆ ಬಂತು ಅನ್ನುವುದೇ ಜೋಕು. ನಂಬರ್ ಪ್ಲೇಟನ್ನು ಅಳಿಸಿಬಿಡಿ, ಎಐ ಬರೆದ ನಂಬರ್ ಯಾವುದೋ ಬಡಪಾಯಿಯ ಗಾಡಿಯದ್ದಾಗಿರಬಹುದು.

ಕನ್ನಡ ಅಕ್ಷರಕ್ಕೆ ಎಐ ನೆಚ್ಚಬೇಡಿ. ಇಂಗ್ಲಿಷ್ ಬೋರ್ಡನ್ನು ಅಚ್ಚುಕಟ್ಟಾಗಿ ಬರೆಯುವ ಮಾಡೆಲ್‌ಗಳೂ ಒತ್ತಕ್ಷರ ಬಂದ ಕಡೆ ಎಡವುತ್ತವೆ. ‘ಪ್ರಿಂಟರ್’ ಎಂದು ಬರೆಸಿದರೆ ಕನ್ನಡವೋ ತೆಲುಗೋ ಗೊತ್ತಾಗದ ಏನೋ ಒಂದು ಬರುವುದೂ ಉಂಟು. ಎಐಗೆ ಖಾಲಿ ಹಾಳೆಯನ್ನೋ ಖಾಲಿ ಫ್ಲೆಕ್ಸನ್ನೋ ಮಾತ್ರ ಕೇಳಿ, ಅಕ್ಷರ ನೀವೇ ಕೂರಿಸಿ. ಜಿಂಪ್ ಮತ್ತು ಕ್ಯಾನ್ವಾದಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಫೋಟೋಶಾಪಿನಲ್ಲಿ ಒತ್ತು ಬಿಡಿಬಿಡಿಯಾಗಿ ಬಿದ್ದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಬೇಕು (ಹಳೆಯ ಆವೃತ್ತಿಗಳಲ್ಲಿ ಅಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್’ ಎಂಬ ಹೆಸರಿನ ಆಯ್ಕೆ ಇರುತ್ತದೆ). ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಸರ್ಕಾರಿ ನೋಟೀಸಿನ ಗಾಂಭೀರ್ಯ ಕೊಡುತ್ತದೆ, ಬಲೂ ತಮ್ಮ ಫ್ಲೆಕ್ಸಿಗೆ ಒಪ್ಪುತ್ತದೆ. ‘ಡಿಸ್ಟಾರ್ಟ್’ನಿಂದ ನಾಲ್ಕು ಮೂಲೆ ಎಳೆದು ಹಾಳೆಯ ಓರೆಗೆ ಹೊಂದಿಸಿ, ಬ್ಲೆಂಡ್ ಮೋಡ್ ‘ಮಲ್ಟಿಪ್ಲೈ’, ಅಪ್ಪಟ ಕಪ್ಪಿನ ಬದಲು ಕಡು ಬೂದು, ಅರ್ಧ ಪಿಕ್ಸೆಲ್‌ನಿಂದ ಒಂದು ಪಿಕ್ಸೆಲ್ ಗಾಸಿಯನ್ ಬ್ಲರ್. ಈ ಬ್ಲರ್ ಹಾಕದೆ ಬಿಟ್ಟರೆ ಅಕ್ಷರ ಹಾಳೆಯ ಮೇಲೆ ತೇಲುತ್ತದೆ.

ಕೆಟ್ಟ ಪ್ರಿಂಟರ್ ಮುಂದೆ ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸ್, ಕೆಳಗೆ ಸಾಲಾಗಿ ‘ದುಃಖತಪ್ತ ಸ್ಟೇಪ್ಲರ್, ಪಂಚಿಂಗ್ ಮಷಿನ್ ಹಾಗೂ ಬಂಧುಬಳಗ’. ಇದಕ್ಕೆ ಸೋಲೇ ಇಲ್ಲ. (ಬೆಂಗಳೂರಿನಲ್ಲಿ ಫ್ಲೆಕ್ಸ್‌ಗೆ 2018ರಿಂದ ನಿಷೇಧವಿದೆ, ಮಾನಿಟರಿಗೆ ಅದು ಅನ್ವಯಿಸುವುದಿಲ್ಲ ಅಂದುಕೊಳ್ಳೋಣ.) ಹಾರವೂ ಹಾಕಿ, ಪ್ರಿಂಟರಿಗೆ. ಆಯುಧಪೂಜೆಯಲ್ಲಿ ಹೇಗೂ ಹಾಕುತ್ತೇವೆ. ಮನುಷ್ಯರ ಫೋಟೋಗೆ ಮಾತ್ರ ಹಾರ ಹಾಕಬೇಡಿ. ರಜೆ ಮೇಲೆ ಹೋದವರ ಮೇಜಿನ ಮೇಲೆ ಹಾರ ಹಾಕಿದ ಫೋಟೋ ಕಂಡರೆ ಅವರ ಮನೆಯವರಿಗೆ ಏನನ್ನಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬೆಳಕಿನ ವಿಷಯ. ನಮ್ಮ ಆಫೀಸುಗಳಲ್ಲಿ ಚಾವಣಿ ತುಂಬಾ ಎಲ್‌ಇಡಿ ಪ್ಯಾನೆಲ್‌ಗಳು. ಹಾಗಾಗಿ ಯಾವ ವಸ್ತುವಿಗೂ ಒಂದೇ ಕಡು ನೆರಳು ಇರುವುದಿಲ್ಲ, ಎರಡು ಮೂರು ತೆಳು ನೆರಳುಗಳು ಒಂದರೊಳಗೊಂದು ಬೆರೆತಿರುತ್ತವೆ. ಎಐ ಬಿಸಿಲಿನ ನೆರಳು ಹಾಕಿಬಿಡುತ್ತದೆ. ಅದನ್ನು ಮಾಸ್ಕಿನಲ್ಲಿ ಅಳಿಸಿ, ಹೊಸ ಮಲ್ಟಿಪ್ಲೈ ಲೇಯರ್ ಮೇಲೆ ಮೆತ್ತನೆಯ ಬ್ರಶ್ಶಿನಿಂದ, 10ರಿಂದ 15 ಶೇಕಡಾ ಒಪಾಸಿಟಿಯಲ್ಲಿ (ಬಣ್ಣದ ದಟ್ಟತೆಯಲ್ಲಿ), ವಸ್ತು ನೆಲಕ್ಕೆ ತಾಗುವ ಕಡೆ ಎರಡು ಮೂರು ಸಲ ಸವರಿ. ತಾಗುವ ಗೆರೆಯಲ್ಲಿ ಕಪ್ಪು, ಹೊರಗೆ ಹೋದಂತೆ ತೆಳು. ಕೊನೆಗೆ ಎಐ ಭಾಗಕ್ಕೆ 1ರಿಂದ 2 ಶೇಕಡಾ ಮೊನೋಕ್ರೊಮ್ಯಾಟಿಕ್ ನಾಯ್ಸ್ (ಬಣ್ಣವಿಲ್ಲದ ಸಣ್ಣ ಚುಕ್ಕೆಗಳು) ಸೇರಿಸಿ. ಫೋನ್ ಫೋಟೋದಲ್ಲಿ ಸಣ್ಣ ಕಾಳು ಇರುತ್ತದೆ, ಎಐ ಭಾಗ ಇಸ್ತ್ರಿ ಮಾಡಿದಷ್ಟು ನುಣುಪು.

ರೆಸಲ್ಯೂಷನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಚಾಟ್ ಟೂಲ್‌ಗಳು ಹೆಚ್ಚಾಗಿ ಒಂದೆರಡು ಮೆಗಾಪಿಕ್ಸೆಲ್ ಕೊಡುತ್ತವೆ, ನಿಮ್ಮ ಫೋನ್ ಫೋಟೋ ಸಾಮಾನ್ಯವಾಗಿ 12 ಮೆಗಾಪಿಕ್ಸೆಲ್. ವಾಟ್ಸಾಪ್ ಹೇಗೂ ಕುಗ್ಗಿಸಿ ಕಳಿಸುತ್ತದೆ, ಅಲ್ಲಿ ಅಂತರ ಕಾಣುವುದಿಲ್ಲ. ಮೀಟಿಂಗ್ ರೂಮಿನ ದೊಡ್ಡ ಟಿವಿಯಲ್ಲಿ ಹಾಕುವುದಾದರೆ ಕಾಣುತ್ತದೆ. ಆಗ ಇಡೀ ಚಿತ್ರದ ಬದಲು ಬೇಕಾದ ಮೂಲೆಯನ್ನಷ್ಟೇ ಕ್ರಾಪ್ ಮಾಡಿ ಎಐಗೆ ಕೊಟ್ಟು, ಬಂದದ್ದನ್ನು ದೊಡ್ಡ ಫೋಟೋದಲ್ಲಿ ಕೂರಿಸಿ.

ಕ್ರಾಪ್‌ನಿಂದ ಇನ್ನೂ ದೊಡ್ಡ ಲಾಭವಿದೆ. ಆಫೀಸ್ ಫೋಟೋ ಎಂದರೆ ವೈಟ್‌ಬೋರ್ಡಿನಲ್ಲಿ ಕ್ಲೈಂಟ್ ಹೆಸರು, ಮಾನಿಟರಿನಲ್ಲಿ ಮೇಲ್, ಕತ್ತಿನಲ್ಲಿ ಐಡಿ ಕಾರ್ಡ್. ಅದನ್ನು ಹೊರಗಿನ ಸರ್ವರ್‌ಗೆ ಅಪ್‌ಲೋಡ್ ಮಾಡಿದರೆ ನಗೆಚಾಟಿಕೆ ಹೋಗಿ ಮೆಮೊ ಬರುತ್ತದೆ. ಮಸುಕು ಮಾಡಿದರೆ ಸಾಲದು, ಅಪ್ಪಟ ಬಣ್ಣದ ಚೌಕ ಬಳಿದು ಮುಚ್ಚಿ. ಹೊರಗೆ ಕಳಿಸುವುದೇ ಬೇಡವೆಂದರೆ 8 ಜಿಬಿ ಗ್ರಾಫಿಕ್ಸ್ ಮೆಮೊರಿ ಇರುವ ಮನೆಯ ಕಂಪ್ಯೂಟರಿನಲ್ಲಿ ಕಂಫಿಯುಐ ಎಂಬ ತಂತ್ರಾಂಶ ಹಾಕಿಕೊಂಡು, ಚಿತ್ರ ಬರೆಯುವ ಮಾಡೆಲ್ ಎಸ್‌ಡಿಎಕ್ಸ್‌ಎಲ್‌ನ ಇನ್‌ಪೇಂಟಿಂಗ್ (ಗುರುತು ಹಾಕಿದ ಜಾಗವನ್ನಷ್ಟೇ ಮತ್ತೆ ಬರೆಸುವುದು) ಬಳಸಬಹುದು. ಡಿನಾಯ್ಸ್ (ಎಷ್ಟು ಬದಲಿಸಬೇಕು ಎಂಬ 0ರಿಂದ 1ರವರೆಗಿನ ಅಳತೆ) 0.4 ಸುತ್ತಮುತ್ತ ಇದ್ದರೆ ಇರುವ ವಸ್ತು ಸ್ವಲ್ಪ ಬದಲಾಗುತ್ತದೆ, ಹೊಸ ವಸ್ತು ಹುಟ್ಟಬೇಕೆಂದರೆ 0.9ರ ಆಸುಪಾಸು ಬೇಕು.

ಮಾಡಬಾರದವು ಕೆಲವಿವೆ, ಇದರಲ್ಲಿ ನನಗೆ ರಾಜಿ ಇಲ್ಲ. ಬೆಂಕಿ, ಹಾವು, ನೆಲದಲ್ಲಿ ಬಿದ್ದ ಮನುಷ್ಯ, ಅಪರಿಚಿತ ನುಸುಳುಕೋರ ಬೇಡ. 2025ರಲ್ಲಿ ಮನೆಯೊಳಗೆ ಅಪರಿಚಿತ ಬಂದು ಕೂತಂತೆ ಎಐ ಚಿತ್ರ ಮಾಡಿ ಮನೆಯವರನ್ನು ಬೆಚ್ಚಿಬೀಳಿಸುವ ಹುಚ್ಚು ಟಿಕ್‌ಟಾಕ್‌ನಲ್ಲಿ ಹಬ್ಬಿ, ಜನ ಪೊಲೀಸರಿಗೆ ಫೋನ್ ಮಾಡತೊಡಗಿದರು. ಮ್ಯಾಸಚೂಸೆಟ್ಸ್‌ನ ಸೇಲಂ ಪೊಲೀಸರು ಬಹಿರಂಗವಾಗಿ ಎಚ್ಚರಿಕೆ ಕೊಡಬೇಕಾಯಿತು. ಇಲ್ಲಿ ಯಾರಾದರೂ ಗಾಬರಿಯಾಗಿ 112ಕ್ಕೆ ಕರೆ ಮಾಡಿದರೆ ಹೊಣೆ ನಿಮ್ಮದೇ. ಸಂಬಳದ ಚೀಟಿ, ಅಪ್ರೈಸಲ್ ಪತ್ರ, ರಜೆ ಸುತ್ತೋಲೆ, ಎಚ್‌ಆರ್ ಸಹಿ ನಕಲು ಮಾಡುವುದು ತಮಾಷೆಯಲ್ಲ, ಐಟಿ ಕಾಯ್ದೆಯ 66ಸಿ ಸೆಕ್ಷನ್ ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡ್ ದುರ್ಬಳಕೆಯ ಬಗ್ಗೆಯೇ ಇದೆ. ಸಹೋದ್ಯೋಗಿ ಹೆಣ್ಣುಮಕ್ಕಳ ಬಟ್ಟೆ, ಮೈ, ಜೋಡಿ ಕಟ್ಟುವ ಚಿತ್ರಗಳಿಗೆ ‘ಸುಮ್ನೆ ಜೋಕ್ ರೀ’ ಎಂಬ ಉತ್ತರ ನಡೆಯುವುದಿಲ್ಲ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ ಕಾಯ್ದೆಯಡಿ ದೂರು ಹೋದರೆ ವಿಚಾರಣೆಗೆ ಕೂರಬೇಕಾದವರು ನೀವು. ಬಣ್ಣ, ತೂಕ, ಜಾತಿಯ ಗುರುತುಗಳೂ ಅಷ್ಟೇ. ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು ಚಿತ್ರದಲ್ಲಿ ಬೇಡ, ಇಷ್ಟವಾಗದಿದ್ದರೂ ಅವರು ಬಾಯಿಬಿಟ್ಟು ಹೇಳಲಾರರು.

ಕಳಿಸುವ ಹೊತ್ತೂ ಲೆಕ್ಕಕ್ಕಿದೆ. ಅಪ್ರೈಸಲ್ ತಿಂಗಳಲ್ಲಿ ಬೇಡ, ಊಟದ ನಂತರ ಮೂರರ ಕಾಫಿಗೆ ಮುಂಚೆ ಒಳ್ಳೆಯದು. ಜೆಮಿನಿ ಮೂಲೆಯಲ್ಲಿ ಹಾಕುವ ಸಣ್ಣ ನಕ್ಷತ್ರವನ್ನು ಅಳಿಸಲು ಒದ್ದಾಡಬೇಡಿ, ಕಂಡವರಿಗೆ ಕಾಣಲಿ. ಇದು ಎಐ ಚಿತ್ರ ಎಂದು ಫೈಲಿನ ಜೊತೆ ಇರುವ ಮಾಹಿತಿ (ಮೆಟಾಡೇಟಾ) ವಾಟ್ಸಾಪ್‌ಗೆ ಹೋದಾಗ ಅಳಿಸಿಹೋಗುತ್ತದೆ, ಆದ್ದರಿಂದ ‘ಹುಸಿ ಚಿತ್ರ’ ಎಂದು ಒಂದು ಮೂಲೆಯಲ್ಲಿ ನೀವೇ ಚಿಕ್ಕದಾಗಿ ಬರೆದರೆ ಫಾರ್ವರ್ಡ್ ಆಗಿ ಬೇರೆ ಗ್ರೂಪಿಗೆ ಹೋದರೂ ಸಂಶಯಕ್ಕೆ ಎಡೆಯಿಲ್ಲ. ಯಾರಿಗಾದರೂ ಬೇಸರವಾದರೆ ‘ಡಿಲೀಟ್ ಫಾರ್ ಎವ್ರಿವನ್’ಗೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಅವಕಾಶವಿದೆ, ಅಷ್ಟರೊಳಗೆ ತೆಗೆದುಬಿಡಿ. ಏನೂ ಆಗದಿದ್ದರೆ, ಎಲ್ಲರೂ ಒಂದು ಸುತ್ತು ನಕ್ಕು ಮುಗಿಸಿದ ಮೇಲೆ ಮೂಲ ಫೋಟೋವನ್ನೂ ಕಳಿಸಿ. ಖಾಲಿ ಕುರ್ಚಿಗಳ ಪಕ್ಕ ಟವೆಲ್ ಹಾಕಿದ ಕುರ್ಚಿಗಳನ್ನಿಟ್ಟು ನೋಡುವಾಗ ಎರಡನೇ ನಗು ಬರುತ್ತದೆ, ಎಷ್ಟೋ ಸಲ ಅದೇ ಮೊದಲನೆಯದಕ್ಕಿಂತ ಜೋರು.